ಕೃಷಿ ಹೊಂಡಕ್ಕೆ ಸಾದಾ ಹಾಳೆಯೋ, ಸಂಯುಕ್ತ ಜಿಯೊಮೆಂಬ್ರೇನೋ?

ಚಿತ್ರದುರ್ಗದ ಸುತ್ತಲಿನ ಕಲ್ಲುನೆಲದಲ್ಲಿ ಹೊಂಡ ತೋಡಿಸುವವರು, ನೀರು ಇಂಗದಂತೆ ಹಾಸುವ 500 ಮೈಕ್ರಾನ್ (ಅರ್ಧ ಮಿಲಿಮೀಟರ್) ದಪ್ಪದ ಸಾದಾ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆಗೂ, ಅಂಥ ಹಾಳೆಗೆ ಜಿಯೊಟೆಕ್ಸ್‌ಟೈಲ್ ಎಂಬ ಕೃತಕ ನಾರಿನ ಬಟ್ಟೆ ಬೆಸೆದ ಸಂಯುಕ್ತ ಜಿಯೊಮೆಂಬ್ರೇನ್‌ಗೂ ಇರುವ ಬೆಲೆಯ ಅಂತರವನ್ನಷ್ಟೇ ನೋಡಿ ನಿರ್ಧರಿಸಬಾರದು. ಸಾದಾ ಹಾಳೆ ಹಗುರ, ಅಗ್ಗ, ಹಾಳೆಗೆ ಹಾಳೆ ಕೂಡಿಸುವ ಬೆಸುಗೆಯೂ ಸುಲಭ. ಆದರೆ ಅಗೆದ ಬದಿಯಲ್ಲಿ ಹೆಬ್ಬೆರಳಿನಷ್ಟು ಚೂಪುಗಲ್ಲೊಂದು ಉಳಿದರೂ, ತುಂಬಿದ ನೀರಿನ ಭಾರಕ್ಕೆ ಹಾಳೆ ಅಲ್ಲಿಯೇ ತೂತಾಗಬಹುದು. ಸಂಯುಕ್ತ ಹಾಳೆಯ ಅಡಿಬಟ್ಟೆಯು ಆ ಮೊನೆಯ ಒತ್ತಡವನ್ನು ಹರಡುವುದಲ್ಲದೆ, ಮಣ್ಣನ್ನು ಕಚ್ಚಿ ಹಿಡಿದು, ಇಳಿಜಾರಿನಲ್ಲಿ ಹಾಳೆ ಜಾರದಂತೆ ತಡೆಯುತ್ತದೆ. ಬಟ್ಟೆಯ ಮೇಲೆ ಬೆಸುಗೆ ಕೂರುವುದಿಲ್ಲವಾದ್ದರಿಂದ, ಅಂಚಿನಲ್ಲಿ ಬಟ್ಟೆಯಿಲ್ಲದ ಪಟ್ಟಿ ಬಿಟ್ಟಿದೆಯೇ ಎಂಬುದನ್ನು ಕೊಳ್ಳುವಾಗಲೇ ಕೈಯಿಟ್ಟು ನೋಡಬೇಕು. ದಾವಣಗೆರೆ ಕಡೆಯ ಕಲ್ಲಿಲ್ಲದ ಎರೆ ನೆಲದಲ್ಲಿ ಮಾತ್ರ, ತಳವನ್ನು ಚೆನ್ನಾಗಿ ದಮ್ಮಸು ಮಾಡಿಸಿದ್ದರೆ, ಸಾದಾ ಹಾಳೆಯೇ ಸಾಕೆಂಬುದು ನನ್ನ ಅಭಿಪ್ರಾಯ.