ಮೂರು ಮಳೆಗಾಲ ಕಂಡ ರಿಮೋಟ್ ಮಾನ್‌ಸ್ಟರ್ ಟ್ರಕ್: ಮೋಟರ್ ಆಮೇಲೆ, ಮೊದಲು ಬೇರಿಂಗ್ ನೋಡಿ

ದಕ್ಷಿಣ ಕೊಡಗಿನಲ್ಲಿ ನಮ್ಮದು ಸಣ್ಣ ರೊಬಸ್ಟಾ ತೋಟ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣದ ತುಂಬ ಕಾಫಿ ಹರಡಿರುತ್ತದೆ, ಅಲ್ಲಿ ಗಾಡಿ ಓಡಿಸುವ ಮಾತೇ ಇಲ್ಲ. ಕಣ ಖಾಲಿಯಾಗಿ ಎರಡು ತಿಂಗಳಾಗುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಹಾಗಾಗಿ ರಿಮೋಟ್ ಮಾನ್‌ಸ್ಟರ್ ಟ್ರಕ್ ಕೊಳ್ಳುವಾಗ ಅಂಗಡಿಯವರನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: ನೀರಿನಲ್ಲಿ ಓಡುತ್ತದೆಯೇ? ‘ವಾಟರ್‌ಪ್ರೂಫ್’ ಎಂದರು. ಪೆಟ್ಟಿಗೆಯ ಮೇಲೂ ಅದೇ ಮಾತು ದಪ್ಪಕ್ಷರದಲ್ಲಿತ್ತು. ಬ್ಯಾಟರಿ, ಚಾರ್ಜರ್ ಸೇರಿಸಿ 24,000 ರೂಪಾಯಿ ಕೊಟ್ಟು ತಂದೆ. ನಿಜವಾದ ಗಾಡಿಯ ಹತ್ತನೇ ಒಂದು ಭಾಗದ ಅಳತೆ, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಳೆತ, ಬ್ರಷ್ ಇರುವ ಸಾದಾ ಮೋಟರ್.

ಇನ್ನೂ ಹತ್ತು ಸಾವಿರ ಹಾಕಿದ್ದರೆ ಬ್ರಷ್‌ಲೆಸ್ ಮೋಟರಿನದೇ ಸಿಗುತ್ತಿತ್ತು. ಬೇಡವೆನ್ನಿಸಿತು. ಗಂಟೆಗೆ 60 ಕಿ.ಮೀ. ಓಡುವ ಗಾಡಿಯನ್ನು ನಮ್ಮ ಕಣದಲ್ಲಿ ಬಿಟ್ಟರೆ ಎರಡೇ ಸೆಕೆಂಡಿನಲ್ಲಿ ಸಿಲ್ವರ್ ಓಕ್ ಬುಡಕ್ಕೆ ಹೊಡೆದುಕೊಳ್ಳುತ್ತದೆ. ಆ ತೀರ್ಮಾನದ ಬಗ್ಗೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಮೊದಲ ಜೂನ್ ಹಬ್ಬದಂತಿತ್ತು. ಕೊಡೆ ಹಿಡಿದು ಜಗಲಿಯ ಮೆಟ್ಟಿಲ ಮೇಲೆ ನಾನು, ಪಕ್ಕದಲ್ಲಿ ರಿಮೋಟ್ ಹಿಡಿದ ಮಗಳು. ಕಣದ ಅಂಚಿನ ಕೆಮ್ಮಣ್ಣಿನ ಕೆಸರನ್ನು ಗಾಡಿ ಆಳೆತ್ತರಕ್ಕೆ ಎರಚಿಕೊಂಡು ಹೋಗುತ್ತಿತ್ತು. ಕಾಫಿ ಗಿಡಗಳ ಸಾಲಿನೊಳಗೆ ನುಗ್ಗಿದರೆ ಮಾತ್ರ ಒದ್ದೆ ಎಲೆಗಳ ನಡುವೆ ಸಿಗ್ನಲ್ ಕುಂದಿ ನಿಂತುಬಿಡುತ್ತಿತ್ತು. ಜಿಗಣೆ ಹತ್ತಿಸಿಕೊಂಡು ಹೋಗಿ ಎತ್ತಿ ತರುತ್ತಿದ್ದೆವು. ಆಟ ಮುಗಿದ ಮೇಲೆ ನಲ್ಲಿ ನೀರಿನಲ್ಲಿ ಕೆಸರು ತೊಳೆದು ಕಪಾಟಿಗೆ ಸೇರಿಸುತ್ತಿದ್ದೆವು.

ಮೂರನೇ ವಾರ ಮುಂದಿನ ಎಡ ಚಕ್ರ ಕಿರುಗುಟ್ಟಿತು. ಜುಲೈ ಮುಗಿಯುವಷ್ಟರಲ್ಲಿ ಆ ಚಕ್ರವನ್ನು ಕೈಯಿಂದ ತಿರುಗಿಸಿದರೂ ತಿರುಗದು. ಬಿಚ್ಚಿ ನೋಡಿದರೆ ಬೇರಿಂಗ್ ತುಕ್ಕಿನ ಉಂಡೆಯಾಗಿತ್ತು. ಒಂದಲ್ಲ, ನಾಲ್ಕು ಚಕ್ರಗಳ ಎಂಟೂ.

ನನಗೆ ಸಿಟ್ಟು ಬಂದದ್ದು ಬೇರಿಂಗ್ ಹೋಯಿತೆಂದಲ್ಲ, ಆ ಒಂದು ಪದದ ಮೇಲೆ. ವಾಟರ್‌ಪ್ರೂಫ್ ಎಂಬುದು ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಮಾತ್ರ: ವೇಗ ನಿಯಂತ್ರಿಸುವ ಭಾಗ, ಸ್ಟಿಯರಿಂಗ್ ತಿರುಗಿಸುವ ಸರ್ವೊ, ರಬ್ಬರ್ ಅಂಚಿನ ಡಬ್ಬಿಯೊಳಗಿನ ರಿಸೀವರ್. ಉಕ್ಕಿನ ಬೇರಿಂಗ್‌ಗೆ ಆ ರಕ್ಷಣೆ ಇಲ್ಲ. ನೀರಿಗಿಳಿಸಿದ ಮೇಲೆ ಬಿಚ್ಚಿ ಒಣಗಿಸಬೇಕೆಂದು ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದೆ. ಅಂಗಡಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನವನೆಂದು ಅವರಿಗೆ ಗೊತ್ತಿತ್ತು.

ನಮ್ಮ ಹಳೆಯ ಜೀಪ್ ನೋಡಿಕೊಳ್ಳುವ ಗೋಣಿಕೊಪ್ಪದ ಮೆಕ್ಯಾನಿಕ್‌ಗೆ ಆ ಬೇರಿಂಗ್ ತೋರಿಸಿದೆ. ಅಂಗೈಯಲ್ಲಿ ಹೊರಳಿಸಿ ನೋಡಿ, “ಅಣ್ಣ, ಹೊಳೆಗಿಳಿದ ಜೀಪನ್ನು ಅವತ್ತೇ ಬಿಚ್ಚುತ್ತೀರಿ, ಇದನ್ನು ಮಾತ್ರ ಯಾಕೆ ಹಾಗೇ ಇಟ್ಟಿರಿ?” ಎಂದ. ಒಂದು ಕಾಗದಕ್ಕೆ ಜೀಪಿನ ಚಕ್ರಕ್ಕೆ ತುಂಬುವ ಗ್ರೀಸನ್ನು ಹಾಕಿ ಕಟ್ಟಿಕೊಟ್ಟ.

ಅಲ್ಲಿಂದ ಮುಂದೆ ಈ ಗಾಡಿಯ ಜೊತೆಗಿನ ನನ್ನ ಸಂಬಂಧವೇ ಬದಲಾಯಿತು. ಓಡಿಸುವುದು ಹದಿನೈದು ನಿಮಿಷ, ಬಿಚ್ಚಿ ಕೂರುವುದು ಒಂದು ಗಂಟೆ. ಆ ಒಂದು ಗಂಟೆಯನ್ನೇ ನಾನೀಗ ಕಾಯುತ್ತೇನೆ. ಚಕ್ರಗಳನ್ನು ಕಳಚಿ ಬಚ್ಚಲ ಒಲೆಯ ಪಕ್ಕದ ಗೋಡೆಗೆ ಒರಗಿಸುತ್ತೇವೆ. ಬೇರಿಂಗ್‌ಗಳನ್ನು ಮಾತ್ರ ಜಗಲಿಗೆ ತರುತ್ತೇವೆ, ಪೆಟ್ರೋಲಿನ ಕೆಲಸ ಒಲೆಯ ಹತ್ತಿರ ಸಲ್ಲದು. ಹೊರಗೆ 11 ಮಿ.ಮೀ., ಒಳಗೆ 5 ಮಿ.ಮೀ., ಅಷ್ಟೇ ಗಾತ್ರ. ಬ್ಲೇಡಿನ ತುದಿಯನ್ನು ಅಂಚಿಗೆ ತಾಗಿಸಿ ಮೆಲ್ಲನೆ ಮೀಟಿದರೆ ಕಪ್ಪು ರಬ್ಬರ್ ಮುಚ್ಚಳ ಮೇಲೇಳುತ್ತದೆ. ಒಳಗಿನಿಂದ ತಿಳಿ ಡಿಕಾಕ್ಷನ್ ಬಣ್ಣದ ನೀರು ಒಸರುತ್ತದೆ. ಮುಚ್ಚಳ ಬದಿಗಿಟ್ಟು (ಪೆಟ್ರೋಲಿಗೆ ರಬ್ಬರ್ ಊದಿಕೊಳ್ಳುತ್ತದೆ), ಬೇರಿಂಗನ್ನು ಸಣ್ಣ ಶೀಶೆಯ ಪೆಟ್ರೋಲಿನಲ್ಲಿ ಕುಲುಕಿ, ಒಣಗಿಸಿ, ಗ್ರೀಸ್ ತುಂಬುವುದು. ಕೊನೆಯಲ್ಲಿ ಮಗಳು ಅದನ್ನು ಪೆನ್ಸಿಲ್ ತುದಿಗೆ ಸಿಕ್ಕಿಸಿ, ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾಳೆ. ಮರಳಿನ ಕಣವೊಂದು ಒಳಗೆ ಉಳಿದಿದ್ದರೂ ಅವಳಿಗೆ ಕೇಳಿಸುತ್ತದೆ, ನನಗೆ ಕೇಳಿಸುವುದಿಲ್ಲ. ಗ್ರೀಸ್ ತುಂಬಿದ ಚಕ್ರ ತುಸು ಭಾರವಾಗಿ ತಿರುಗುವುದು ನಿಜ. ಬೇಸಿಗೆಯಲ್ಲಿ ಗ್ರೀಸ್ ತೆಗೆದು ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡುತ್ತೇವೆ. ಆಗ ಕೊಯ್ಲಾದ ಗದ್ದೆಯಲ್ಲಿ ಗಾಡಿ ಹಗುರಾಗಿ ಓಡುತ್ತದೆ.

ಟೈರಿನದು ಇನ್ನೊಂದು ರಗಳೆ. ಒಳಗಿನ ಸ್ಪಂಜು ನೀರು ಕುಡಿದು ಗಾಡಿ ಕುಂಟುತ್ತಿತ್ತು. ಕಾಫಿ ಚೀಲ ಹೊಲಿಯುವ ದಬ್ಬಣವನ್ನು ಕಾಯಿಸಿ, ಪ್ರತಿ ಟೈರಿನ ನಡುಪಟ್ಟಿಯಲ್ಲಿ ಎದುರುಬದುರಾಗಿ ಎರಡು ತೂತು ಮಾಡಿದೆ. ಚಕ್ರ ರಭಸದಿಂದ ತಿರುಗುವಾಗ ಈಗ ನೀರು ತಾನಾಗಿ ಹೊರಗೆ ಚಿಮ್ಮುತ್ತದೆ.

ಬ್ಯಾಟರಿಯಲ್ಲಿ ತಪ್ಪು ನನ್ನದು. ಎರಡು ಸೆಲ್‌ನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಜಡಿಮಳೆಯ ಮೂರು ವಾರ ಹಾಗೆಯೇ ಬಿಟ್ಟೆ. ದಿಂಬಿನಂತೆ ಉಬ್ಬಿತು, 2,600 ರೂಪಾಯಿ ಹೋಯಿತು. ಓಡಿಸದ ದಿನಗಳಲ್ಲಿ ಸೆಲ್ಲಿಗೆ 3.8 ವೋಲ್ಟ್‌ನಷ್ಟೇ ಇರಬೇಕು. ಚಾರ್ಜರ್ ಕೊಳ್ಳುವವರು 12 ವೋಲ್ಟ್‌ನಲ್ಲೂ ನಡೆಯುವಂಥದ್ದನ್ನೇ ಆರಿಸಿಕೊಳ್ಳಿ. ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲದಿದ್ದಾಗ ನಾವು ಜೀಪಿನ ಬ್ಯಾಟರಿಯಿಂದಲೇ ಚಾರ್ಜ್ ಮಾಡಿಕೊಂಡೆವು.

ಮೂರು ವರ್ಷದಲ್ಲಿ ಮುರಿದದ್ದು ಮುಂದಿನ ಚಕ್ರಗಳನ್ನು ಹಿಡಿದಿಡುವ ಎರಡು ತೋಳು, ಸವೆದದ್ದು ಒಂದು ಮೋಟರ್. ತೋಳುಗಳು ಬೆಂಗಳೂರಿನಿಂದ ಬರಲು ಹನ್ನೆರಡು ದಿನ ಹಿಡಿಯಿತು. ನಮ್ಮ ಕಡೆಯವರು ಯಾರಾದರೂ ಕೊಳ್ಳುವುದಿದ್ದರೆ, ವೇಗ ಎಷ್ಟೆಂದು ಕೇಳುವ ಮೊದಲು ಚಕ್ರ ಕಳಚಲು ಎಷ್ಟು ಸ್ಕ್ರೂ ತೆಗೆಯಬೇಕೆಂದು ಕೇಳಿ. ನಮ್ಮದರಲ್ಲಿ ಚಕ್ರಕ್ಕೊಂದೇ ನಟ್ಟು. ಬಿಚ್ಚುವುದು ಕಷ್ಟವಾಗಿದ್ದರೆ ಮೊದಲ ಆಗಸ್ಟ್‌ನಲ್ಲೇ ಇದು ಅಟ್ಟ ಸೇರುತ್ತಿತ್ತು.

ಮಕ್ಕಳಿಗೆ ಕೊಟ್ಟು ಮರೆಯುವಂಥ ಆಟಿಕೆ ಬೇಕಿದ್ದರೆ ಇದನ್ನು ತರಬೇಡಿ. ನಾನು ಮತ್ತೆ ಇದನ್ನೇ ತರುತ್ತೇನೆ. ಈ ಮೇ ತಿಂಗಳಲ್ಲಿ ಹದಿನಾರು ಹೊಸ ಬೇರಿಂಗ್ ತರಿಸಿದ್ದೆ. ಸೆಪ್ಟೆಂಬರ್ ಮೊದಲಿಗೆ ಬರುವ ಕೊಡವರ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತು, ಇನ್ನೂ ಹನ್ನೊಂದು ಡಬ್ಬಿಯಲ್ಲಿವೆ.