ಬ್ರೇಕ್ ಆಯಿಲ್ ಬದಲಿಸಿದ್ದೇವೆ ಅಂದರೆ ನಂಬಬೇಡಿ, ನಿಂತು ನೋಡಿ

ಪುಣೆಯಲ್ಲಿ ಕಾರು ಇಟ್ಟುಕೊಂಡಿರುವ ನಮ್ಮ ಕನ್ನಡದವರೆಲ್ಲ ದಯವಿಟ್ಟು ಓದಿ. ಸಿಂಹಗಡ ರಸ್ತೆ ಕಡೆಯ ಒಂದು ಗ್ಯಾರೇಜಿನವರು ಬ್ರೇಕ್ ಆಯಿಲ್ ಬದಲಿಸದೆ, ಬದಲಿಸಿದ್ದೇವೆ ಅಂತ ನನ್ನಿಂದ ದುಡ್ಡು ತಗೊಂಡಿದ್ದಾರೆ. ಸೀಟ್ ಕವರ್ ಅಲ್ಲ, ಎಸಿ ಅಲ್ಲ. ಬ್ರೇಕು!

ಬಿಲ್ಲಿನಲ್ಲಿ ಬ್ರೇಕ್ ಆಯಿಲ್ ಚೇಂಜ್, ಬ್ಲೀಡಿಂಗ್ (ಪೈಪಿನೊಳಗಿನ ಹಳೇ ಆಯಿಲ್, ಗಾಳಿ ಹೊರತೆಗೆಯೋದು), ಲೇಬರ್ ಎಲ್ಲ ಇದೆ. ಅದನ್ನು ನಂಬಿಕೊಂಡು ಹುಬ್ಬಳ್ಳಿಯಿಂದ ಬಂದಿದ್ದ ಅಪ್ಪ, ಅವ್ವ, ಮಾಮಾ ಎಲ್ಲರನ್ನೂ ಮಹಾಬಳೇಶ್ವರಕ್ಕೆ ಕರಕೊಂಡು ಹೋದೆ. ವಾಪಸ್ ಪಂಚಗಣಿಯಿಂದ ಪಸರಣಿ ಘಾಟ್ ಇಳಿಯುತ್ತಿದ್ದೆವು. ಮುಂದೆ ಲಾರಿ, ಮೇಲಿಂದ ಮೇಲೆ ಬ್ರೇಕ್. ಒಂದು ತಿರುವಿನಲ್ಲಿ ಪೆಡಲ್ ಮೆತ್ತಗಾಗಿ ತಳಕ್ಕೇ ಹೋಯಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ಬದಿಗೆ ನಿಲ್ಲಿಸಿದೆ. "ಗಾಡಿ ಸರ್ವಿಸ್ ಮಾಡಿಸೀನಿ ಅಂದಿದ್ದಿ ಅಲ್ಲೇನೋ?" ಅಂದರು ಮಾಮಾ. ಅವ್ವ ಹಿಂದೆ ಕೂತು ಅಳುತ್ತಿದ್ದರು. ಮುಖ ಎತ್ತಲಾಗಲಿಲ್ಲ.

ಘಾಟ್ ಕೆಳಗಿನ ವಾಯಿ ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಚಕ್ರ ಬಿಚ್ಚಿ ತೋರಿಸಿದ. ಹಳೇ ಆಯಿಲ್ ಹೊರಬಿಡೋಕೆ ಚಕ್ರದ ಹತ್ತಿರ ಇರುವ ಬ್ಲೀಡರ್ ನಿಪ್ಪಲ್‌ನ ರಬ್ಬರ್ ಕ್ಯಾಪ್ ಮೇಲೆ ಹಳೇ ಕೆಸರು ಪದರಪದರವಾಗಿ ಒಣಗಿ ಕೂತಿತ್ತು. ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. ಬಿಚ್ಚಿದರೆ ಕಷಾಯದಂಥ ಕಪ್ಪು ಆಯಿಲ್ ಬಂತು. ಬಾನೆಟ್ ಒಳಗಿನ ಡಬ್ಬಿಯಲ್ಲಿ ಮಾತ್ರ ಹೊಸದು, ತಿಳಿಯಾಗಿತ್ತು. ಮೇಲಿನ ಡಬ್ಬಿಯದ್ದಷ್ಟೇ ಬದಲಿಸಿದ್ದಾರೆ! ಅಲ್ಲೇ ನನಗೆ ಎಲ್ಲ ಗೊತ್ತಾಯಿತು.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತಲೇ ಇರುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಆದರೆ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. 3.7% ನೀರು ಸೇರಿತು ಅಂದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿನಲ್ಲಿ ಬ್ರೇಕ್ ಕಾದಾಗ ಆಯಿಲ್ ಕುದ್ದು ಆವಿಯಾಗುತ್ತದೆ, ಪೆಡಲ್ ಆ ಆವಿಯನ್ನು ಒತ್ತುತ್ತದೆ ಅಷ್ಟೇ, ಬ್ರೇಕ್ ಹಿಡಿಯೋದಿಲ್ಲ. ಅದಕ್ಕೇ ಗಾಡಿ ಜಾಸ್ತಿ ಓಡದಿದ್ದರೂ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಿ ಅನ್ನೋದು.

ಗ್ಯಾರೇಜಿಗೆ ಹೋಗಿ ಕೇಳಿದೆ. ಮೊದಲು, "ಕಾಹೀ ಹೋತ್ ನಾಹೀ ಸಾಹೇಬ್ (ಏನೂ ಆಗಲ್ಲ), ಘಾಟಿನಲ್ಲಿ ಹಾಗೇ ಆಗುತ್ತೆ." ಹಾಗೇ ಆಗುತ್ತಾ? ಆಮೇಲೆ, "ಮಳೆಗಾಲ ಅಲ್ವಾ, ನೀರು ಹೋಗಿರಬೇಕು." ಮುಚ್ಚಳ ಬಿಗಿಯಾಗಿರುವ ಡಬ್ಬಿಗೆ ಮಳೆ ನೀರು? ವಾಯಿಯಲ್ಲಿ ತೆಗೆದ ಫೋಟೋ ತೋರಿಸಿದೆ. "ಹುಡುಗ ಮರೆತಿರಬೇಕು, ಮುಂದಿನ ಸರ್ವಿಸ್‌ನಲ್ಲಿ ಡಿಸ್ಕೌಂಟ್ ಕೊಡ್ತೀನಿ" ಅಂದ. ನಮ್ಮ ಜೀವಕ್ಕೆ ಡಿಸ್ಕೌಂಟ್! ದುಡ್ಡು ಇವತ್ತಿಗೂ ವಾಪಸ್ ಕೊಟ್ಟಿಲ್ಲ.

ಟಾಪ್ ಅಪ್ (ಡಬ್ಬಿಗೆ ಮೇಲಿಂದ ಆಯಿಲ್ ತುಂಬೋದು) ಬೇರೆ, ಬದಲಿಸೋದು ಬೇರೆ. ಸೀಲ್ ಇರುವ ಬಾಟಲಿಯನ್ನು ನಿಮ್ಮ ಎದುರೇ ಒಡೆಸಿ. ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿರುತ್ತದೆ, ಅದನ್ನೇ ಹಾಕಿಸಿ. ನಾಲ್ಕೂ ಚಕ್ರದಿಂದ ಹಳೇದು ಹೊರಬಂದು ಹೊಸದು ಕಾಣುವವರೆಗೆ ಪಕ್ಕದಲ್ಲೇ ನಿಂತಿರಿ. ಒಳಗೆ ಬರಬೇಡಿ, ಎಸಿ ರೂಮಲ್ಲಿ ಕೂತು ಚಹಾ ಕುಡೀರಿ ಅಂದರೆ ಗಾಡಿ ತಿರುಗಿಸಿಕೊಂಡು ಬನ್ನಿ.