ಕಾರ್ಲ್‌ಶ್ಟೈನ್, ಹ್ರೆನ್ಸ್ಕೊ, ರೋಜ್ಮ್‌ಬೆರ್ಕ್: ಚೆಕ್ ದೇಶದ ಮೂರು ಹೊಳೆದಂಡೆಯ ಊರುಗಳಲ್ಲಿ ಯಾವುದು ನಿಮಗೆ?

ಪ್ರಾಗ್ ನೋಡಿ ಮುಗಿಸಿ ಒಂದೆರಡು ದಿನ ಮಿಕ್ಕವರಿಗೆ ಎಲ್ಲರೂ ಹೇಳುವ ಹೆಸರುಗಳು ಇವೇ. ಫೋಟೊದಲ್ಲಿ ಮೂರೂ ಒಂದೇ ಥರ: ಕೆಳಗೆ ಹೊಳೆ, ದಂಡೆಯಲ್ಲಿ ನಾಲ್ಕು ಸಾಲು ಮನೆ, ಮೇಲೆ ಕೋಟೆಯೋ ಬಂಡೆಯೋ. ಹೋಗಿ ಓಡಾಡಿದರೆ ಒಂದಕ್ಕೂ ಇನ್ನೊಂದಕ್ಕೂ ತಾಳಮೇಳವಿಲ್ಲ. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಎರಡು ದಿನವಿದ್ದು ನೀರಿಗಿಳಿಯಲು ಅಂಜಿಕೆಯಿಲ್ಲದಿದ್ದರೆ ರೋಜ್ಮ್‌ಬೆರ್ಕ್. ಒಂದೇ ದಿನವಾದರೆ ಕಾರ್ಲ್‌ಶ್ಟೈನ್, ಆದರೆ ಎಲ್ಲರೂ ಹೋಗುವ ದಾರಿ ಬೇಡ. ಹ್ರೆನ್ಸ್ಕೊ ಮುಖ್ಯವಾಗಿ ಜರ್ಮನಿಯ ಡ್ರೆಸ್ಡೆನ್ ಕಡೆ ಇರುವವರಿಗೆ.

ಕಾರ್ಲ್‌ಶ್ಟೈನ್

ತಲುಪುವುದರಲ್ಲಿ ಇದನ್ನು ಮೀರಿಸುವ ಊರಿಲ್ಲ. ಪ್ರಾಗ್‌ನ ಮುಖ್ಯ ನಿಲ್ದಾಣದಿಂದ ಎಸ್7 ಲೋಕಲ್ ರೈಲು ಸುಮಾರು 40 ನಿಮಿಷದಲ್ಲಿ ಇಳಿಸುತ್ತದೆ. ನಿಲ್ದಾಣ ಬೆರೌಂಕಾ ಹೊಳೆಯ ಒಂದು ದಂಡೆಯಲ್ಲಿ, ಊರು ಇನ್ನೊಂದು ದಂಡೆಯಲ್ಲಿ. ಸೇತುವೆ ದಾಟಿ ಏರು ಹತ್ತಿದರೆ ಅರ್ಧ ಗಂಟೆಗೆ ಕೋಟೆ ಬಾಗಿಲು. ಏರಿನ ಉದ್ದಕ್ಕೂ ಎರಡೂ ಬದಿ ಗೊಂಬೆ, ಮಗ್ಗು, ಐಸ್‌ಕ್ರೀಮ್ ಅಂಗಡಿಗಳು. ಬಹಳ ಜನ ಈ ಬೀದಿಯನ್ನೇ ಹತ್ತಿ ಇಳಿದು, ಊರು ನೋಡಿಯಾಯಿತು ಎಂದು ರೈಲು ಹತ್ತುತ್ತಾರೆ.

ನಾಲ್ಕನೇ ಚಾರ್ಲ್ಸ್ ದೊರೆ 1348ರಲ್ಲಿ ಕೋಟೆಗೆ ಅಡಿಗಲ್ಲು ಹಾಕಿಸಿದ. ಪವಿತ್ರ ರೋಮನ್ ಸಾಮ್ರಾಜ್ಯದ ಕಿರೀಟ, ಒಡವೆ, ಪವಿತ್ರ ಅವಶೇಷಗಳನ್ನು ಕಾಪಾಡುವುದೇ ಅದರ ಕೆಲಸವಾಗಿತ್ತು. ಈಗ ಕಾಣುವ ಚೂಪು ಚಾವಣಿಯ ರೂಪ ಬಹುಪಾಲು 19ನೇ ಶತಮಾನದ ಕೊನೆಯದು, ವಾಸ್ತುಶಿಲ್ಪಿ ಯೋಸೆಫ್ ಮೊಕರ್ ದುರಸ್ತಿ ಮಾಡಿಸಿದಾಗಿನದು. ನಿಜವಾದ ಹಳೆಯ ಸಂಪತ್ತು ಇರುವುದು ದೊಡ್ಡ ಗೋಪುರದ ಪವಿತ್ರ ಶಿಲುಬೆಯ ಪ್ರಾರ್ಥನಾಲಯದಲ್ಲಿ: ಥಿಯೊಡೊರಿಕ್ ಎಂಬ ಕಲಾವಿದ ಬರೆದ 129 ಚಿತ್ರಫಲಕಗಳು, ಚಿನ್ನದ ಗಿಲೀಟಿನ ಚಾವಣಿ. ಸಾಮಾನ್ಯ ಟಿಕೆಟ್‌ನಲ್ಲಿ ಇದನ್ನು ತೋರಿಸುವುದಿಲ್ಲ. ಬೆಚ್ಚಗಿನ ತಿಂಗಳುಗಳಲ್ಲಿ ಮಾತ್ರ, ಚಿಕ್ಕ ಗುಂಪುಗಳಲ್ಲಿ, ಬೇರೆ ಟಿಕೆಟ್ ಮೇಲೆ ಒಳಗೆ ಬಿಡುತ್ತಾರೆ. ವಾರಗಳ ಮೊದಲೇ ಕಾದಿರಿಸದಿದ್ದರೆ ಸಿಗುವುದಿಲ್ಲ. ನಡು ಬೇಸಿಗೆ ಬಿಟ್ಟರೆ ಸೋಮವಾರ ಕೋಟೆಗೆ ರಜೆ ಇರುವುದೇ ಹೆಚ್ಚು.

ನಾವು ಹೇಳುವ ದಾರಿ ಬೇರೆ. ಬೆಳಿಗ್ಗೆ ಅದೇ ರೈಲಿನಲ್ಲಿ ಮುಂದೆ ಬೆರೌನ್‌ವರೆಗೆ ಹೋಗಿ, ಕೆಂಪು ಗುರುತಿನ ಕಾಲುಹಾದಿ ಹಿಡಿದು ಸ್ವತೀ ಯಾನ್ ಪೊಡ್ ಸ್ಕಲೋ ಹಳ್ಳಿಯ ಮೂಲಕ ಕಾರ್ಲ್‌ಶ್ಟೈನ್‌ಗೆ ನಡೆಯಿರಿ. ಸುಮಾರು 15 ಕಿ.ಮೀ., ನಿಧಾನವಾಗಿ ಐದು ಗಂಟೆ. ಗುರುತು ಎಂದರೆ ಮರದ ಮೇಲೆ ಬಳಿದ ಮೂರು ಪಟ್ಟಿ, ಬಿಳಿ ಎರಡರ ನಡುವೆ ಬಣ್ಣದ್ದೊಂದು. ಐದು ನಿಮಿಷ ನಡೆದರೂ ಪಟ್ಟಿ ಕಾಣದಿದ್ದರೆ ಕವಲಿನಲ್ಲಿ ತಪ್ಪಿದ್ದೀರಿ, ವಾಪಸ್ ಬನ್ನಿ. ನೆಲವೆಲ್ಲ ಸುಣ್ಣಕಲ್ಲು. ನೀರು ಒಳಗೇ ಇಂಗಿಹೋಗುವುದರಿಂದ ದಾರಿಯ ಬುಬೊವಿತ್ಸೆ ಜಲಪಾತ ಬೇಸಿಗೆಯಲ್ಲಿ ಬರೀ ಹಸಿ ಬಂಡೆ, ನೋಡಬೇಕೆಂದರೆ ಏಪ್ರಿಲ್ ವಾಸಿ. ಹತ್ತಿರದ ವೆಲ್ಕಾ ಅಮೆರಿಕಾ ಹಳೆಯ ಸುಣ್ಣಕಲ್ಲು ಕ್ವಾರಿ. ಹಸಿರು ನೀರು ಕಂಡು ಇಳಿಯುವ ಆಸೆಯಾಗುತ್ತದೆ. ಇಳಿಯುವುದು, ಈಜುವುದು ಎರಡೂ ನಿಷಿದ್ಧ. ಗೋಡೆಯಿಂದ ಕಲ್ಲು ಉದುರುತ್ತಿರುತ್ತದೆ.

ಹ್ರೆನ್ಸ್ಕೊ

ಎಲ್ಬೆ ನದಿ, ಚೆಕ್ ಭಾಷೆಯಲ್ಲಿ ಲಾಬೆ, ದೇಶ ಬಿಟ್ಟು ಜರ್ಮನಿಗೆ ಹೋಗುವುದು ಇಲ್ಲೇ. ಸಮುದ್ರಮಟ್ಟದಿಂದ ಸುಮಾರು 115 ಮೀಟರ್, ಇಡೀ ಚೆಕ್ ದೇಶದ ಅತಿ ತಗ್ಗಿನ ಜಾಗ. ಕಾಮೆನಿತ್ಸೆ ಹೊಳೆ ಮರಳುಗಲ್ಲನ್ನು ಕೊರೆದುಕೊಂಡು ಬಂದು ಇಲ್ಲಿ ಎಲ್ಬೆಗೆ ಸೇರುತ್ತದೆ. ಆ ಕಿರುಸಂದಿಯಲ್ಲಿ ಕಾಡಿನ ದಿಮ್ಮಿ ತೇಲಿಬಿಡುತ್ತಿದ್ದ ಊರು ಇದು. 1890ರಲ್ಲಿ ಕಮರಿಯಲ್ಲಿ ಪ್ರವಾಸಿಗರ ದೋಣಿ ಶುರುವಾದ ಮೇಲೆ ದಿಮ್ಮಿಗಿಂತ ಜನರಿಂದಲೇ ದುಡ್ಡು ಹುಟ್ಟಿತು. ಆ ಕಾಲದ ಊರಿನವರು ಜರ್ಮನ್ ಮಾತಿನವರು. 1945ರ ನಂತರ ಅವರನ್ನು ಹೊರಹಾಕಲಾಯಿತು, ಹಳೆ ಹೋಟೆಲ್‌ಗಳ ಗೋಡೆಗಳು ಉಳಿದವು.

ಮುಖ್ಯ ಆಕರ್ಷಣೆ ಪ್ರಾವ್ಚಿಟ್ಸ್ಕಾ ಬ್ರಾನಾ, 26.5 ಮೀಟರ್ ಅಗಲ, 16 ಮೀಟರ್ ಎತ್ತರದ ಮರಳುಗಲ್ಲಿನ ಕಮಾನು. ಯುರೋಪಿನಲ್ಲಿ ಇದಕ್ಕಿಂತ ದೊಡ್ಡ ಸಹಜ ಮರಳುಗಲ್ಲು ಕಮಾನಿಲ್ಲ. ಮೇಲೆ ನಡೆಯುವುದಕ್ಕೆ ಬಹಳ ವರ್ಷಗಳಿಂದ ನಿಷೇಧ, ಕಾಲಿನ ಸವೆತಕ್ಕೇ ಕಲ್ಲು ಪುಡಿಯಾಗುತ್ತಿತ್ತು. ಊರಿನಿಂದ ಬಸ್ಸಿನಲ್ಲಿ 'ಮೂರು ಬುಗ್ಗೆ' ನಿಲ್ದಾಣಕ್ಕೆ ಹೋಗಿ, ಅಲ್ಲಿಂದ 2 ಕಿ.ಮೀ. ಏರು. ಕೊನೆಯ ಭಾಗಕ್ಕೆ ಪ್ರವೇಶ ಶುಲ್ಕವಿದೆ.

ಇಷ್ಟೆಲ್ಲ ಇದ್ದೂ ಇದನ್ನು ಮೂರನೆಯದಾಗಿ ಇಡಲು ಕಾರಣ ಅನಿಶ್ಚಿತತೆ. ತೊಗಟೆ ಹುಳು ತಿಂದು ಒಣಗಿದ ಸ್ಪ್ರೂಸ್ ಮರಗಳ ನಡುವೆ 2022ರ ಜುಲೈನಲ್ಲಿ ಬಿದ್ದ ಬೆಂಕಿ ಸಾವಿರ ಹೆಕ್ಟೇರಿನಷ್ಟು ಕಾಡನ್ನು ಸುಟ್ಟಿತು. ಸುಟ್ಟ ಮರ ಉರುಳುತ್ತದೆ, ಬೇರು ಸತ್ತ ಮೇಲೆ ಬಂಡೆ ಸಡಿಲವಾಗುತ್ತದೆ. ಹಾಗಾಗಿ ದೋಣಿಯ ಕಮರಿಗಳನ್ನೂ ಹಲವು ಹಾದಿಗಳನ್ನೂ ಮುಚ್ಚಿದರು. ಹೊರಡುವ ಹಿಂದಿನ ದಿನ ಇಲ್ಲಿನ ಬೊಹೆಮಿಯನ್ ಸ್ವಿಟ್ಜರ್ಲೆಂಡ್ ರಾಷ್ಟ್ರೀಯ ಉದ್ಯಾನದ ಜಾಲತಾಣದಲ್ಲಿ ಯಾವ ಹಾದಿ ತೆರೆದಿದೆ ಎಂದು ನೋಡಲೇಬೇಕು. ಗಾಳಿ ಜೋರಿದ್ದ ದಿನ ಹೋಗಬೇಡಿ. ಡ್ರೆಸ್ಡೆನ್‌ನಿಂದ ಎಸ್1 ರೈಲಿನಲ್ಲಿ ಶ್ಯೋನಾಗೆ ಬಂದು ದೋಣಿಯಲ್ಲಿ ನದಿ ದಾಟಿದರೆ ಸಾಕು. ಪ್ರಾಗ್‌ನಿಂದಾದರೆ ಡೆಚೀನ್‌ಗೆ ರೈಲು, ಆಮೇಲೆ ಬಸ್ಸು.

ರೋಜ್ಮ್‌ಬೆರ್ಕ್

ಕಾಗದದಲ್ಲಿ ಪಟ್ಟಣ, ಗಾತ್ರದಲ್ಲಿ ಹಳ್ಳಿ. ವಲ್ತಾವಾ ನದಿ ಬಂಡೆಯೊಂದನ್ನು ಮೂರು ಕಡೆಯಿಂದ ಸುತ್ತಿ ಹರಿಯುತ್ತದೆ, ಆ ಬಂಡೆಯ ಮೇಲೆ ಕೋಟೆ. ಐದು ದಳದ ಗುಲಾಬಿಯ ಲಾಂಛನದ ರೋಜ್ಮ್‌ಬೆರ್ಕ್ ಮನೆತನದ ಹೆಸರು ಹುಟ್ಟಿದ್ದು ಇಲ್ಲಿಂದಲೇ. 1259ರಲ್ಲಿ ಹತ್ತಿರದ ವಿಶ್ಶಿ ಬ್ರೋಡ್ ಮಠವನ್ನು ಕಟ್ಟಿಸಿದವನು ಇದೇ ಮನೆತನದ ವೋಕ್. ವಂಶದ ಕೊನೆಯವನಾದ ಪೆತ್ರ್ ವೋಕ್ 1611ರಲ್ಲಿ ತೀರಿಕೊಂಡ. 1620ರ ಬಿಳಿಬೆಟ್ಟದ ಯುದ್ಧದಲ್ಲಿ ಗೆದ್ದ ಪಕ್ಷದ ಸೇನಾಪತಿ ಬುಕ್ವಾಗೆ ಕೋಟೆ ಇನಾಮಾಗಿ ಹೋಯಿತು. 1945ರವರೆಗೂ ಅವನ ವಂಶದವರದ್ದೇ. ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಆದರೆ ಇಲ್ಲಿಗೆ ಹೋಗಬೇಕಾದದ್ದು ಹೊಳೆಗಾಗಿ. ಮೇಲಿನ ಲಿಪ್ನೊ ಅಣೆಕಟ್ಟಿನ (1952–59) ನೀರು ನೆಲದಡಿಯ ವಿದ್ಯುದಾಗಾರ ಹಾದು, 3 ಕಿ.ಮೀ.ಗೂ ಉದ್ದದ ಸುರಂಗದಲ್ಲಿ ವಿಶ್ಶಿ ಬ್ರೋಡ್ ಬಳಿ ಹೊರಬರುತ್ತದೆ. ಅಲ್ಲಿನ ಚಿಕ್ಕ ಜಲಾಶಯ ಅದನ್ನು ಸಮವಾಗಿ ಬಿಡುತ್ತದೆ. ಅದಕ್ಕೇ ಜುಲೈ–ಆಗಸ್ಟ್‌ನಲ್ಲಿ ಬೇರೆ ಹೊಳೆಗಳಲ್ಲಿ ದೋಣಿಯ ತಳ ಕಲ್ಲಿಗೆ ಉಜ್ಜುವಾಗಲೂ ಇಲ್ಲಿ ನೀರಿರುತ್ತದೆ.

ವಿಶ್ಶಿ ಬ್ರೋಡ್‌ನಲ್ಲಿ ದೋಣಿ ಬಾಡಿಗೆಗೆ ಹಿಡಿದು ರೋಜ್ಮ್‌ಬೆರ್ಕ್‌ಗೆ 10 ಕಿ.ಮೀ., ಸುಮಾರು ಮೂರು ಗಂಟೆ. ರಾತ್ರಿ ಅಲ್ಲಿ ಉಳಿದು ಮರುದಿನ ಚೆಸ್ಕಿ ಕ್ರುಮ್ಲೊವ್ ಪಟ್ಟಣಕ್ಕೆ 25 ಕಿ.ಮೀ., ಇಡೀ ಹಗಲು ಬೇಕು. ಎರಡನ್ನೂ ಒಂದೇ ದಿನದಲ್ಲಿ ಮುಗಿಸಲು ಹೊರಟವರ ತೋಳು ಮಧ್ಯಾಹ್ನಕ್ಕೇ ಸೋಲುತ್ತದೆ. ಹೊಸಬರಿಗೆ ಗಾಳಿ ತುಂಬಿದ ರಾಫ್ಟ್ ಸುಲಭ, ಮಗುಚುವುದು ಕಡಿಮೆ, ಆದರೆ ನಿಧಾನ. ಇಬ್ಬರ ಪ್ಲಾಸ್ಟಿಕ್ ಕನೂ ಬೇಗ ಸಾಗುತ್ತದೆ, ಹಿಂದೆ ಕೂತವರಿಗೆ ತಿರುಗಿಸಲು ಬರಬೇಕು.

ಎಡವಟ್ಟಾಗುವುದು ಅಡ್ಡಕಟ್ಟೆಗಳಲ್ಲಿ. ಹೆಚ್ಚಿನವಕ್ಕೆ ಒಂದು ಬದಿಯಲ್ಲಿ ದೋಣಿ ಇಳಿಯಲೆಂದೇ ಇಳಿಜಾರು ಕಾಲುವೆ ಇದೆ, ಹೆಸರು ಶ್ಲೈಸ್ನಾ. ಮೊದಲು ದಂಡೆಗೆ ನಿಲ್ಲಿಸಿ, ನಡೆದು ಹೋಗಿ ನೋಡಿ. ದೋಣಿಯ ಮೂತಿ ಕಾಲುವೆಗೆ ನೇರ ಇರಬೇಕು. ಓರೆಯಾಗಿ ನುಗ್ಗಿದರೆ ಬದಿಗೋಡೆಗೆ ಬಡಿದು ಅಡ್ಡ ತಿರುಗುತ್ತದೆ, ಕೆಳಗಿನ ಅಲೆಯಲ್ಲಿ ಮಗುಚುತ್ತದೆ. ಕನೂದಲ್ಲಾದರೆ ಮಂಡಿಯೂರಿ, ಭಾರ ತಗ್ಗಿಸಿ. ಮುಂದಿನ ದೋಣಿ ಪೂರ್ತಿ ಆಚೆ ಸರಿಯುವ ತನಕ ಇಳಿಯಬೇಡಿ. ಕಾಲುವೆ ಬಿಟ್ಟು ಕಟ್ಟೆಯ ಮೇಲಿಂದಲೇ ಹಾರುವ ಸಾಹಸ ಖಂಡಿತ ಬೇಡ: ಬುಡದಲ್ಲಿ ನೀರು ಹಿಂದಕ್ಕೆ ಮಗುಚಿ ಸುತ್ತುತ್ತದೆ, ಸಿಕ್ಕಿದ್ದನ್ನು ಬಿಡುವುದಿಲ್ಲ. ಧೈರ್ಯ ಸಾಲದಿದ್ದರೆ ದೋಣಿಯನ್ನು ಹೊತ್ತು ದಾಟಿಸಿ, ಯಾರೂ ನಗುವುದಿಲ್ಲ.

ನೀರಿಗೆ ಬಿದ್ದರೆ ಹರಿವಿನಲ್ಲಿ ನಿಲ್ಲಲು ಹೋಗಬೇಡಿ. ಕಾಲು ಕಲ್ಲಿನ ಸಂದಿಗೆ ಸಿಕ್ಕರೆ ನೀರು ಮೈಯನ್ನು ಮುಂದಕ್ಕೆ ಒತ್ತುತ್ತದೆ. ಅಂಗಾತ ಮಲಗಿ, ಕಾಲು ಮುಂದೆ ಚಾಚಿ ತೇಲಿಕೊಂಡು ದಂಡೆಗೆ ಸರಿಯಿರಿ. ದೋಣಿಯ ಕೆಳಮಗ್ಗುಲಲ್ಲಿ ಇರಬಾರದು, ನೀರು ತುಂಬಿದ ದೋಣಿ ನಿಮ್ಮನ್ನು ಬಂಡೆಗೆ ಅದುಮುತ್ತದೆ. ಬಟ್ಟೆ, ಫೋನು, ಪಾಸ್‌ಪೋರ್ಟ್ ಬಾಡಿಗೆಯವರು ಕೊಡುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಮುಚ್ಚಳ ಬಿಗಿದ ಮೇಲೆ ತಲೆಕೆಳಗಾಗಿ ನೀರಿಗೆ ಅದ್ದಿ ನೋಡಿ, ರಬ್ಬರ್ ಬಳೆಗೆ ಮರಳು ಅಂಟಿದ್ದರೆ ಸೋರುತ್ತದೆ. ಎದುರಾದ ದೋಣಿಯವರೆಲ್ಲ 'ಅಹೋಯ್' ಎನ್ನುತ್ತಾರೆ, ನೀವೂ ಅನ್ನಬೇಕು. ದಂಡೆಯುದ್ದಕ್ಕೂ ಬಿಯರ್ ಅಂಗಡಿಗಳಿವೆ. ಹುಟ್ಟು ಹಾಕುವವರಿಗೆ ಈ ಭಾಗದಲ್ಲಿ ರಕ್ತದಲ್ಲಿ ಮದ್ಯ ಪ್ರತಿ ಸಾವಿರಕ್ಕೆ 0.5ರವರೆಗೆ ಇರಲು ವಿನಾಯಿತಿ ಇದೆ, ಕಾರು ಓಡಿಸುವವರಿಗೆ ಸೊನ್ನೆ. ಪೊಲೀಸರು ಊದಿಸಿ ನೋಡುತ್ತಾರೆ.

ಜುಲೈ ಶನಿವಾರಗಳಂದು ಶ್ಲೈಸ್ನಾ ಮುಂದೆ ಸಾಲು ನಿಲ್ಲಬೇಕು. ಜೂನ್ ಅಥವಾ ಸೆಪ್ಟೆಂಬರಿನ ವಾರದ ದಿನ ಒಳ್ಳೆಯದು. ಮಾಂಸ ತಿನ್ನದವರಿಗೆ ಮೂರೂ ಊರಿನಲ್ಲಿ ಸಿಗುವ ಗ್ಯಾರಂಟಿ ಊಟ ಕರಿದ ಚೀಸು, ಆಲೂಗಡ್ಡೆ. ಎಲೆಕೋಸಿನ ಸೂಪಿನಲ್ಲಿ ಸಾಸೇಜ್ ಇರುವುದೇ ಹೆಚ್ಚು, ಕೇಳಿ ತೆಗೆದುಕೊಳ್ಳಿ. ಕಾರಿದ್ದರೆ ಕ್ರುಮ್ಲೊವ್‌ನಲ್ಲೇ ಬಿಟ್ಟು ಬಸ್ಸಿನಲ್ಲಿ ಹೊಳೆಯ ಮೇಲ್ಭಾಗದ ವಿಶ್ಶಿ ಬ್ರೋಡ್‌ಗೆ ಹೋಗಿ. ರೋಜ್ಮ್‌ಬೆರ್ಕ್ ಹೆಸರಿನ ರೈಲು ನಿಲ್ದಾಣವೊಂದಿದೆ, ಅದನ್ನು ನಂಬಿ ಹೊರಡಬೇಡಿ: ಊರಿನಿಂದ ಕೆಲವು ಕಿ.ಮೀ. ದೂರದಲ್ಲಿದೆ.